ಹಂಪೆಯ ಕುದುರೆ, ದುಬೈಯ ಪಂದ್ಯ

ಕುದುರೆ ಪಂದ್ಯವೆಂದೊಡನೆ ನಮ್ಮಲ್ಲಿ ಅನೇಕರಿಗೆ ಜೂಜೊಂದೇ ನೆನಪಾಗುತ್ತದೆ. ಆದರೆ ದೊಡ್ಡ ಬಹುಮಾನದ ಹಿಂದೆ ಒಂದು ಹಳೆಯ ರಾಜನೀತಿಯೂ ಅಡಗಿದೆ. ಅದನ್ನು ತಿಳಿಯಲು ಬಳ್ಳಾರಿಯ ವಿದ್ಯಾರ್ಥಿಗಳು ದೂರ ಹೋಗಬೇಕಾದುದಿಲ್ಲ. ಬ್ರೂಸ್‌ಪೇಟೆಯಿಂದ ಬೆಳಿಗ್ಗೆ ಹೊರಟರೆ ಹಂಪೆಯನ್ನು ನೋಡಿ ಸಂಜೆಗೆ ಮರಳಬಹುದು. ಅಲ್ಲಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಕುದುರೆಗಳೂ ಅವನ್ನು ತಂದ ಪರದೇಶಿ ವರ್ತಕರೂ ಕಾಣಸಿಗುತ್ತಾರೆ.

ವಿಜಯನಗರದ ಸೈನ್ಯಕ್ಕೆ ಅಶ್ವಬಲವು ಪ್ರಾಣಪ್ರಾಯವಾಗಿತ್ತು. ಉತ್ತಮ ಯುದ್ಧಾಶ್ವಗಳು ನಮ್ಮ ನಾಡಿನಲ್ಲಿ ಸಾಲದಾಗಿ, ಹೋರ್ಮುಜ್, ಏಡನ್ ಮುಂತಾದ ರೇವುಗಳಿಂದ ಹಡಗಿನಲ್ಲಿ ಬರಬೇಕಾಗಿತ್ತು. ಸಾಳುವ ನರಸಿಂಹನು (1485-1491) ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಪೂರ್ಣ ಬೆಲೆ ಕೊಡುತ್ತಿದ್ದನೆಂದು 16ನೆಯ ಶತಮಾನದ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿದ್ದಾನೆ. ಮೇಲುನೋಟಕ್ಕೆ ಇದು ದುಂದು. ವಿಚಾರಿಸಿದರೆ, ವರ್ತಕನ ನಷ್ಟದ ಭಯವನ್ನು ತಾನೇ ಹೊತ್ತು ಒಳ್ಳೆಯ ಕುದುರೆಗಳನ್ನು ತನ್ನೆಡೆಗೆ ಸೆಳೆದ ಉಪಾಯ.

ಇಂದಿನ ಪಂದ್ಯಗಳ ಥರೋಬ್ರೆಡ್ ತಳಿ ಇಂಗ್ಲೆಂಡಿನಲ್ಲಿ ರೂಪುಗೊಂಡಿತು. ಆದರೆ ಅದರ ಪಿತೃಪರಂಪರೆಯೆಲ್ಲ ಪೂರ್ವದೇಶಗಳಿಂದ ಹೋದ ಮೂರು ಗಂಡುಕುದುರೆಗಳಿಗೆ ಮುಟ್ಟುತ್ತದೆ: ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್ ಮತ್ತು ಗೊಡಾಲ್ಫಿನ್ ಅರೇಬಿಯನ್. ಓಟದಲ್ಲಿ ಗೆದ್ದ ಕುದುರೆಯನ್ನು ಸಂತಾನಕ್ಕೆ ಆರಿಸುವುದು ವಾಡಿಕೆ. ಆದುದರಿಂದ 1780ರಲ್ಲಿ ಆರಂಭವಾದ ಎಪ್ಸಮ್ ಡರ್ಬಿಯಂಥ ಪಂದ್ಯಗಳು ತಳಿಯ ಪರೀಕ್ಷೆಗಳೂ ಹೌದು.

1996ರಲ್ಲಿ ದುಬೈಯ ಶೇಖ್ ಮೊಹಮ್ಮದರು 40 ಲಕ್ಷ ಡಾಲರುಗಳ ಬಹುಮಾನವಿಟ್ಟು ದುಬೈ ವರ್ಲ್ಡ್ ಕಪ್ ಪಂದ್ಯವನ್ನು ಆರಂಭಿಸಿದರು. ಅಮೆರಿಕದ ‘ಸಿಗಾರ್’ ಮೊದಲನೆಯ ವಿಜೇತ. 2024ರ ಹೊತ್ತಿಗೆ 2000 ಮೀಟರಿನ ಈ ಓಟದ ಬಹುಮಾನ 1 ಕೋಟಿ 20 ಲಕ್ಷ ಡಾಲರುಗಳಿಗೆ ಏರಿತ್ತು. ಹಿಂದೆ ಹಂಪೆಗೆ ಕುದುರೆಗಳನ್ನು ಕಳುಹಿದ ಕೊಲ್ಲಿಯ ತೀರಕ್ಕೇ ಇಂದು ಅಮೆರಿಕ, ಜಪಾನುಗಳಿಂದ ಕುದುರೆಗಳು ವಿಮಾನದಲ್ಲಿ ಬಂದಿಳಿಯುತ್ತವೆ. ನರಸಿಂಹನು ಬಾಲಕ್ಕೆ ತೆತ್ತ ಹಣ ಮಾಡಿದ ಕೆಲಸವನ್ನೇ ಈ ಬಹುಮಾನವೂ ಮಾಡುತ್ತಿದೆ.

ಮೈದಾನದಲ್ಲಿ ಬಾಜಿ ಕಟ್ಟುವ ಏರ್ಪಾಡಿಲ್ಲದೆಯೇ ದುಬೈಯ ಪಂದ್ಯ ಹೆಸರು ಗಳಿಸಿತೆಂಬುದು ಗಮನಾರ್ಹ. ಅದೇ 1996ರಲ್ಲಿ ನಮ್ಮ ಸುಪ್ರೀಂ ಕೋರ್ಟು ಕುದುರೆ ಪಂದ್ಯವು ಮುಖ್ಯವಾಗಿ ಕೌಶಲದ ಆಟವೆಂದು ತೀರ್ಪಿತ್ತಿತು. ಆ ತೀರ್ಪು ಯಾರ ಕಿಸೆಯನ್ನೂ ಕಾಯುವುದಿಲ್ಲ. ರಾಜನು ತೆತ್ತ ಹಣದ ನಷ್ಟ ಬೊಕ್ಕಸಕ್ಕೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಬಾಜಿ ಕಟ್ಟಿ ಸೋತವನ ನಷ್ಟ ಮನೆಯ ಒಲೆಗೆ. ಕುದುರೆಯ ಓಟವನ್ನು ಮೆಚ್ಚೋಣ, ಅದರ ಇತಿಹಾಸವನ್ನು ಓದೋಣ. ಈ ಅಂತರವನ್ನು ಮಾತ್ರ ಮರೆಯದಿರೋಣ.