ಬಳಸಿದ ಮೀನುತೊಟ್ಟಿಯ ಸಾಗಣೆ

ಜಲಸಸ್ಯಗಳುಳ್ಳ ಗಾಜಿನ ಮೀನುತೊಟ್ಟಿಯನ್ನು ಮತ್ತೊಬ್ಬರಿಂದ ಕೊಳ್ಳುವವರು ಗಾಜನ್ನೂ ಮೀನನ್ನೂ ಚೆನ್ನಾಗಿ ಪರೀಕ್ಷಿಸುವರು. ಶೋಧಕದ ಸ್ಪಂಜನ್ನು ಮಾತ್ರ ಕೊಳಕೆಂದು ನಲ್ಲಿಯ ನೀರಿನಲ್ಲಿ ತೊಳೆದುಬಿಡುವರು. ಸಾಗಿಸಿದ ಕೆಲವು ದಿನಗಳಲ್ಲಿಯೇ ಮೀನುಗಳು ಸಾಯುವುದಕ್ಕೆ ಅನೇಕ ವೇಳೆ ಇದೇ ಕಾರಣವು. ಮೀನು ಹೊರಹಾಕುವ ಅಮೋನಿಯವೆಂಬ ವಿಷವನ್ನು ಮೊದಲು ನೈಟ್ರೈಟಾಗಿಯೂ, ಬಳಿಕ ಅಷ್ಟು ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಆ ಕಂದು ಕೆಸರಿನಲ್ಲಿಯೇ ನೆಲಸಿರುವುವು. ನಲ್ಲಿಯ ನೀರಿನ ಕ್ಲೋರಿನ್ ಅವುಗಳನ್ನು ಕೊಲ್ಲುವುದು. ಆದಕಾರಣ ಸ್ಪಂಜನ್ನು ತೊಟ್ಟಿಯ ಹಳೆಯ ನೀರಿನಲ್ಲಿಟ್ಟು, ಗಾಳಿಯಾಡುವ ಪಾತ್ರೆಯಲ್ಲಿಯೇ ಒಯ್ಯತಕ್ಕದ್ದು.

100 ಲೀಟರು ನೀರು 100 ಕಿಲೋಗ್ರಾಂ ತೂಗುವುದು. ನೀರನ್ನೂ ಜಲ್ಲಿಯನ್ನೂ ತೆಗೆಯದೆ ತೊಟ್ಟಿಯನ್ನೆತ್ತಿದರೆ ಗಾಜಿನ ಅಂಟು ಬಿಡುವುದು. ಗಿಡಗಳಿಗೆ ಒದ್ದೆ ಕಾಗದದ ಹೊದಿಕೆ ಸಾಕು. ಹೊಸ ಸ್ಥಳದಲ್ಲಿ ಶೋಧಕವನ್ನು ಆ ದಿನವೇ ನಡೆಯಿಸಿ, ಹೊಸ ನೀರಿನ ಕ್ಲೋರಿನ್ನನ್ನು ಕಳೆದ ಮೇಲೆಯೇ ಮೀನುಗಳನ್ನು ಬಿಡತಕ್ಕದ್ದು; ಮೊದಲ ವಾರ ಆಹಾರವನ್ನು ಅರ್ಧಕ್ಕಿಳಿಸುವುದು ಒಳ್ಳೆಯದು.