ಪಂಕ್ತಿಯ ಮಾತು ಕೊಟ್ಟಿಗೆಗೆ ಆಸರೆಯಾಗಲಿ



ಊರ ಹಬ್ಬ, ಜಾತ್ರೆ, ಮದುವೆ, ಸಂಘದ ಸರ್ವ ಸದಸ್ಯರ ಸಭೆ, ಹೀಗೆ ಎಲ್ಲೇ ನಾಲ್ಕು ಜನ ರೈತರು ಸೇರಲಿ, ಮಳೆ ಬೆಳೆಯಿಂದ ಆರಂಭವಾದ ಮಾತು ಕೊನೆಗೆ ರಾಸುಗಳ ಬಳಿಗೆ ಬಂದೇ ಬರುತ್ತದೆ. ಯಾರ ಹಸು ಕರು ಹಾಕಿತು, ಯಾರ ಕೊಳವೆ ಬಾವಿಯಲ್ಲಿ ನೀರಿದೆ, ಯಾರ ಮನೆಯ ಹುಲ್ಲಿನ ಬಣವೆ ಕರಗುತ್ತಿದೆ ಎಂಬ ಸುದ್ದಿ ಯಾವ ಕಾಗದ ಪತ್ರದಲ್ಲೂ ಸಿಗುವುದಿಲ್ಲ, ಎಲೆ ಮುಂದೆ ಕುಳಿತಾಗ ಸಿಗುತ್ತದೆ. ಆದರೆ ಇಂತಹ ಬಹುಪಾಲು ಮಾತು ಎಲೆ ಎತ್ತುವುದರೊಂದಿಗೆ ಮುಗಿದುಹೋಗುತ್ತದೆ. ಅದನ್ನು ಇಬ್ಬರಿಗೂ ಅನುಕೂಲವಾಗುವ ಪಾಲುಗಾರಿಕೆಯಾಗಿ ಮಾಡಿಕೊಳ್ಳುವುದು ಹೇಗೆ ಎಂಬುದೇ ಈ ಪಾಠ. ಇದಕ್ಕೆ ಬೇಸಿಗೆಯ ಮೇವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮಾತು ಹುಟ್ಟುವ ಬಗೆ

ಗಣೇಶನ ಹಬ್ಬದ ಊರೂಟದಲ್ಲಿ ಒಂದೇ ಸಂಘದ ಇಬ್ಬರು ಸದಸ್ಯರು ಅಕ್ಕಪಕ್ಕ ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬರದು ಖುಷ್ಕಿ ಜಮೀನು, ಕೊಟ್ಟಿಗೆಯಲ್ಲಿ ಕರೆಯುವ ಮೂರು ಮಿಶ್ರತಳಿ ಹಸುಗಳು. ಇನ್ನೊಬ್ಬರು ಹಿರಿಯರು. ಅವರಿಗೆ ನೀರಿದೆ, ಜಮೀನಿದೆ. ಮನೆಯಲ್ಲಿ ಆಳಿಲ್ಲದೆ ಒಂದು ಹಸುವನ್ನು ಮಾತ್ರ ಉಳಿಸಿಕೊಂಡಿದ್ದಾರೆ.

"ಹೋದ ಬೇಸಿಗೇಲಿ ಹುಲ್ಲಿಗೇ ದುಡ್ಡೆಲ್ಲ ಹೋಯ್ತಣ್ಣ. ಬಟವಾಡೆ ದುಡ್ಡು ಕೈಗೆ ಬರೋದೇ ತಡ, ಹುಲ್ಲಿನ ಲಾರಿಯವನು ಬಾಗಿಲಲ್ಲಿ ನಿಂತಿರೋನು."

"ನನ್ನದು ಅರ್ಧ ಎಕರೆ ರಾಗಿ ಕೊಯ್ದ ಮೇಲೆ ಸುಮ್ಮನೆ ಬೀಳುತ್ತಪ್ಪ. ನೀರುಂಟು, ಮಾಡೋರಿಲ್ಲ."

ಮಾತು ಇಷ್ಟೇ. ಒಬ್ಬರ ಕೊರತೆ, ಇನ್ನೊಬ್ಬರ ಉಳಿಕೆ ಎರಡೂ ಹೊರಬಿದ್ದವು. ಹಬ್ಬದ ಮಾತಿನಲ್ಲಿ ನಾವು ಕಿವಿಗೊಟ್ಟು ಕೇಳಬೇಕಾದದ್ದು ಇದನ್ನೇ. ನಮ್ಮ ಕಷ್ಟವನ್ನು ಸಂಕೋಚವಿಲ್ಲದೆ ಹೇಳಬೇಕು, ಎದುರಿನವರಲ್ಲಿ ಏನು ಉಳಿದಿದೆ ಎಂದು ವಿಚಾರಿಸಬೇಕು. ಕೇವಲ ನಮ್ಮ ಹಸುವಿನ ಹಾಲಿನ ಲೀಟರು ಹೇಳಿಕೊಂಡು ಎದ್ದು ಬಂದರೆ ಯಾರಿಗೂ ಪ್ರಯೋಜನವಿಲ್ಲ.

ಮಾತನ್ನು ಲೆಕ್ಕಕ್ಕೆ ತನ್ನಿ

ಎರಡನೆಯ ಹೆಜ್ಜೆ ಲೆಕ್ಕ. "ಒಂದಿಷ್ಟು ಮೇವು ಬೆಳೆದುಕೊಡಿ" ಎಂದರೆ ಅದು ಒಪ್ಪಂದವಲ್ಲ. ಎಷ್ಟು ಬೇಕು ಎಂಬುದನ್ನು ಮೊದಲು ನೋಡಿ.

ಒಂದು ಹಸುವಿಗೆ ದಿನಕ್ಕೆ 15 ಕಿಲೋ ರಸಮೇವು ಎಂದುಕೊಂಡರೆ ಮೂರು ಹಸುಗಳಿಗೆ 45 ಕಿಲೋ. ಮಾರ್ಚಿಯಿಂದ ಮೇ ಅಂತ್ಯದವರೆಗೆ 90 ದಿನಕ್ಕೆ 4,050 ಕಿಲೋ. ಒಂದು ಘನ ಅಡಿ ಗುಂಡಿಯಲ್ಲಿ ಸುಮಾರು 15 ಕಿಲೋ ರಸಮೇವು ಹಿಡಿಯುತ್ತದೆ. ಆದ್ದರಿಂದ 10 ಅಡಿ ಉದ್ದ, 6 ಅಡಿ ಅಗಲ, 5 ಅಡಿ ಆಳದ ಗುಂಡಿ ಸಾಕು. ಸ್ವಲ್ಪ ಹಾಳಾಗುವುದನ್ನೂ ಲೆಕ್ಕಕ್ಕೆ ಹಿಡಿದು 5 ಟನ್ ಹಸಿ ಮೇವು ಬೇಕು. ನೀರಾವರಿಯಲ್ಲಿ ಮೇವಿನ ಮುಸುಕಿನ ಜೋಳ ಎಕರೆಗೆ 15 ಟನ್ ಬಂದರೆ, ಬೇಕಾಗುವ ಜಮೀನು 13-14 ಗುಂಟೆ ಮಾತ್ರ. ಹಿರಿಯರ ಅರ್ಧ ಎಕರೆ ಧಾರಾಳವಾಯಿತು.

ಕಾಲವನ್ನೂ ಲೆಕ್ಕ ಹಾಕಿ. ಅಕ್ಟೋಬರ್ ಕೊನೆಯೊಳಗೆ ಬಿತ್ತಿದರೆ, ಸುಮಾರು 80 ದಿನಕ್ಕೆ, ಅಂದರೆ ಜನವರಿ ಮಧ್ಯದ ಹೊತ್ತಿಗೆ, ಕಾಳಿನ ಹಾಲು ಗಟ್ಟಿಯಾಗುವ ಹಂತಕ್ಕೆ ಬರುತ್ತದೆ. ಆಗ ಕೊಯ್ದು, ಒಂದು ಅಂಗುಲಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಅರ್ಧ ಅಡಿಗೊಂದು ಪದರ ತುಂಬಿ, ಗಾಳಿ ಉಳಿಯದಂತೆ ತುಳಿದು, ಪ್ಲಾಸ್ಟಿಕ್ ಹಾಳೆ ಹೊದಿಸಿ ಮೇಲೆ ಮಣ್ಣು ಹೇರಬೇಕು. ಮೇವನ್ನು ಮುಷ್ಟಿಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು. 45 ದಿನ ಬಿಟ್ಟು ಮಾರ್ಚಿ ಆರಂಭದಲ್ಲಿ ಗುಂಡಿ ತೆರೆಯಬಹುದು. ಹಬ್ಬದಲ್ಲಿ ಆಡಿದ ಮಾತು ಬೇಸಿಗೆಗೆ ಮೇವಾಗಬೇಕಾದರೆ ನಡುವೆ ಐದಾರು ತಿಂಗಳು ಬೇಕು. ಮಾರ್ಚಿಯಲ್ಲಿ ಬಣವೆ ಮುಗಿದ ಮೇಲೆ ಮಾತು ತೆಗೆದರೆ ಕಾಲ ಮೀರಿರುತ್ತದೆ.

ನಂಟು ಉಳಿಯಬೇಕೆಂದರೆ ಬರೆದಿಡಿ

ನಮ್ಮಲ್ಲಿ ಪಾಲುಗಾರಿಕೆಗಳು ಮುರಿಯುವುದು ಮೋಸದಿಂದಲೇ ಅಲ್ಲ. ನಂಟರ ಬಳಿ ಚೀಟಿ ಬರೆಸಿಕೊಳ್ಳುವುದು ಹೇಗೆ ಎಂಬ ಸಂಕೋಚದಿಂದಲೂ ಮುರಿಯುತ್ತವೆ. ಮುಂಗಡ ಕೊಟ್ಟವರು ಹೆಚ್ಚು ಕೊಟ್ಟೆ ಎನ್ನುತ್ತಾರೆ, ಪಡೆದವರು ಕಡಿಮೆ ಎನ್ನುತ್ತಾರೆ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಎಂಬ ಗಾದೆ ಹುಟ್ಟಿದ್ದು ಇಂತಹ ಕಡೆಯೇ. ಒಂದು ಹಾಳೆಯಲ್ಲಿ ಈ ಐದು ಸಂಗತಿ ಬರೆದು ಇಬ್ಬರೂ ಸಹಿ ಮಾಡಿ, ಒಂದೊಂದು ಪ್ರತಿ ಇಟ್ಟುಕೊಳ್ಳಿ.

1. ತೂಕ: ಎಷ್ಟು ಟನ್, ಎಲ್ಲಿ ತೂಗುವುದು. ಕಣ್ಣಂದಾಜಿನ ಗಾಡಿ ಲೆಕ್ಕ ಬೇಡ.

2. ದರ: ಟನ್ನಿಗೆ ಎಷ್ಟು, ಮುಂಗಡ ಎಷ್ಟು, ಉಳಿದದ್ದು ಯಾವ ದಿನ.

3. ಖರ್ಚು: ಬೀಜ, ಗೊಬ್ಬರ, ಕೊಯ್ಲು, ಸಾಗಾಣಿಕೆ, ಕತ್ತರಿಸುವ ಯಂತ್ರದ ಬಾಡಿಗೆ ಯಾರದು.

4. ನಷ್ಟ: ಕೊಳವೆ ಬಾವಿ ಬತ್ತಿದರೆ ಅಥವಾ ಬೆಳೆ ಕೆಟ್ಟರೆ ಮುಂಗಡದ ಗತಿ ಏನು.

5. ಔಷಧಿ: 2018ರಿಂದ ನಮ್ಮ ರಾಜ್ಯದ ಮುಸುಕಿನ ಜೋಳಕ್ಕೆ ಸೈನಿಕ ಹುಳುವಿನ ಕಾಟ ಬಂದಿದೆ. ಏನು ಸಿಂಪಡಿಸಿದರು, ಯಾವ ದಿನ ಸಿಂಪಡಿಸಿದರು ಎಂಬುದನ್ನು ಬೆಳೆಗಾರರು ತಿಳಿಸಲೇಬೇಕು. ಡಬ್ಬಿಯ ಮೇಲೆ ಹೇಳಿದಷ್ಟು ದಿನ ಕಳೆಯುವವರೆಗೆ ಮೇವು ಕೊಯ್ಯಬಾರದು.

ನಾಲ್ಕನೆಯ ಸಂಗತಿಯನ್ನು ಮೊದಲೇ ಮಾತಾಡುವುದು ಅಪಶಕುನವೆಂದು ಬಿಡಬೇಡಿ. ನಷ್ಟ ಬಂದ ದಿನ ಮಾತಾಡಿದರೆ ಅದು ಜಗಳವಾಗುತ್ತದೆ.

ಸಣ್ಣದಾಗಿ ಆರಂಭಿಸಿ

ಮಾತಾದ ಹದಿನೈದು ದಿನದೊಳಗೆ ಒಮ್ಮೆ ಅವರ ಹೊಲಕ್ಕೆ ಹೋಗಿ ನೋಡಿ, ಅವರನ್ನೂ ನಿಮ್ಮ ಕೊಟ್ಟಿಗೆಗೆ ಕರೆಯಿರಿ. ಮೊದಲ ವರ್ಷ ಒಂದೇ ಗುಂಡಿ ಸಾಕು. ಗುಂಡಿ ತೆರೆದಾಗ ಹುಳಿ ಹಣ್ಣಿನ ವಾಸನೆ ಬಂದರೆ ರಸಮೇವು ಸರಿಯಾಗಿದೆ. ಬೂಷ್ಟು ಹಿಡಿದ ಭಾಗವನ್ನು ತೆಗೆದುಹಾಕಬೇಕು, ರಾಸುಗಳಿಗೆ ಹಾಕಬಾರದು. ದಿನಕ್ಕೆ 4-5 ಕಿಲೋದಿಂದ ಆರಂಭಿಸಿ ಕ್ರಮೇಣ ಹೆಚ್ಚಿಸಿ. ಹಾಲಿಗೆ ವಾಸನೆ ತಗುಲದಂತೆ ಹಾಲು ಕರೆದ ನಂತರವೇ ಹಾಕಿ.

ಇದೇ ಕ್ರಮ ಬೇರೆ ವಿಷಯಗಳಿಗೂ ಸಲ್ಲುತ್ತದೆ. ನಾಲ್ಕು ಮನೆಯವರು ಸೇರಿ ಒಂದು ಮೇವು ಕತ್ತರಿಸುವ ಯಂತ್ರ ಕೊಳ್ಳಬಹುದು. ಆಗ ಯಾರ ಸರದಿ ಯಾವ ದಿನ, ಅಲಗು ಮಸೆಸುವ ಖರ್ಚು ಯಾರದು ಎಂಬುದನ್ನು ಬರೆದಿಡಬೇಕು.

ಘಾಟಿ ಸುಬ್ರಹ್ಮಣ್ಯ, ಚುಂಚನಕಟ್ಟೆ, ಸಿದ್ಧಗಂಗೆಯ ದನಗಳ ಜಾತ್ರೆಗಳಲ್ಲೂ ಒಳ್ಳೆಯ ಪರಿಚಯಗಳಾಗುತ್ತವೆ. ಆದರೆ ಒಂದು ಎಚ್ಚರಿಕೆ: ಪರಿಚಯದ ನಂಬಿಕೆಯ ಮೇಲೆ ಅಲ್ಲಿಂದ ರಾಸು ತಂದರೆ ಕನಿಷ್ಠ 21 ದಿನ ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ, ನಂತರವೇ ನಿಮ್ಮ ರಾಸುಗಳೊಂದಿಗೆ ಸೇರಿಸಿ. ಮಾರುವವರು ಎಷ್ಟೇ ಒಳ್ಳೆಯವರಾಗಿರಲಿ, ಕಾಲುಬಾಯಿ ಜ್ವರಕ್ಕೆ ಮುಲಾಜಿಲ್ಲ.

ನಮ್ಮ ಚಳವಳಿಯ ಬೇರು

ಗುಜರಾತಿನ ಅಂದಿನ ಖೇಡಾ ಜಿಲ್ಲೆಯ ಸಮರ್ಖಾ ಗ್ರಾಮದಲ್ಲಿ 1946ರ ಜನವರಿ 4ರಂದು ರೈತರು ಸಭೆ ಸೇರಿ, ಊರೂರಿಗೂ ಹಾಲಿನ ಸಂಘ ಕಟ್ಟುವ ನಿರ್ಣಯ ಮಾಡಿದರು. ಸಭೆ ಒಂದು ದಿನದ್ದು. ಆದರೆ ನಂತರದ ಮುಷ್ಕರದಲ್ಲಿ ಹದಿನೈದು ದಿನ ವರ್ತಕರಿಗೆ ಹಾಲು ಕೊಡದೆ ನಿಲ್ಲಲು ನೆರೆಹೊರೆಯವರು ಒಬ್ಬರನ್ನೊಬ್ಬರು ನಂಬಬೇಕಾಯಿತು. ಅದೇ ವರ್ಷ ಡಿಸೆಂಬರ್ 14ರಂದು ಅವರ ಒಕ್ಕೂಟ ನೋಂದಣಿಯಾಯಿತು. ಮಾತು, ನಂಬಿಕೆ, ನಂತರ ಬರವಣಿಗೆ: ದೊಡ್ಡ ಒಕ್ಕೂಟಕ್ಕೆ ಬೇಕಾದದ್ದೇ ಎರಡು ಮನೆಗಳ ನಡುವಿನ ಒಂದು ಗುಂಡಿ ರಸಮೇವಿಗೂ ಬೇಕು.

ಬಾಂಧವರೇ, ಬೇಸಿಗೆಯಲ್ಲಿ ಅರೆಹೊಟ್ಟೆ ಉಂಡ ಹಸು ಹಾಲು ಇಳಿಸುವುದಷ್ಟೇ ಅಲ್ಲ, ಸಕಾಲಕ್ಕೆ ಬೆದೆಗೂ ಬರುವುದಿಲ್ಲ. ಒಂದು ಬೇಸಿಗೆಯ ಕೊರತೆ ಮುಂದಿನ ಕರುವನ್ನೂ ತಡಮಾಡುತ್ತದೆ. ಆದ್ದರಿಂದ ಮುಂದಿನ ಹಬ್ಬದ ಊಟಕ್ಕೆ ಅಥವಾ ಸಂಘದ ಸಭೆಗೆ ಹೋಗುವ ಮುನ್ನ ನಿಮ್ಮ ಕೊಟ್ಟಿಗೆಗೆ ಬೇಸಿಗೆಯಲ್ಲಿ ಎಷ್ಟು ಟನ್ ಮೇವು ಕಡಿಮೆ ಬೀಳುತ್ತದೆ ಎಂದು ಲೆಕ್ಕ ಹಾಕಿಕೊಂಡು ಹೋಗಿ. ಪಕ್ಕದಲ್ಲಿ ಕುಳಿತವರಿಗೆ ಆ ಅಂಕಿಯನ್ನು ಹೇಳಿ. ಅದನ್ನು ಬೆಳೆಯಬಲ್ಲವರು ಅದೇ ಪಂಕ್ತಿಯಲ್ಲಿ ಇರಬಹುದು.