ಗಾಡಿಯಲ್ಲಿ ವೈರ್‌ಲೆಸ್ ಕೂರಿಸುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಮುಂಡರಗಿ, ಶಿರಹಟ್ಟಿ ಭಾಗದ ಸಂಘಗಳಿಗೆ ಹೋದಾಗ, ಅದರಲ್ಲೂ ಕಪ್ಪತಗುಡ್ಡದ ಸೆರಗಿನ ಊರುಗಳಲ್ಲಿ, ಒಂದು ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಡಾಕ್ಟ್ರ, ನಮ್ಮೂರಾಗ ಫೋನ್ ಹತ್ತಂಗಿಲ್ಲ. ಪೊಲೀಸರ ಜೀಪಿನ್ಯಾಗ ಇರತೈತಲ್ಲ, ಅಂಥಾ ವೈರ್‌ಲೆಸ್ ನಿಮ್ಮ ಗಾಡ್ಯಾಗ, ಹಾಲಿನ ಗಾಡ್ಯಾಗ ಹಾಕಿದ್ರ ಆಗಂಗಿಲ್ಲೇನ್ರಿ?"

ಪ್ರಶ್ನೆ ಸರಿಯಾಗಿದೆ. ನೀರಿನ ಚೀಲ ಒಡೆದು ಎರಡು ತಾಸಾದರೂ ಕರುವಿನ ಕಾಲು ಕಾಣದ ಆಕಳು, ಹೊಟ್ಟೆ ಉಬ್ಬಿ ಉಸಿರಾಡಲು ಒದ್ದಾಡುವ ಎಮ್ಮೆ, ಈದ ಮರುದಿನವೇ ಕುತ್ತಿಗೆ ತಿರುಚಿ ಮಲಗಿದ ಆಕಳು, ಇವು ಯಾವುವೂ ನಾಳೆಯವರೆಗೆ ಕಾಯುವುದಿಲ್ಲ. ಸುದ್ದಿ ತಡವಾದಷ್ಟೂ ಮನೆಯ ಆದಾಯವೇ ಹೋಗುವ ಭಯ. ಆದ್ದರಿಂದ ಈ ಸಂಚಿಕೆಯ ಪಾಠವನ್ನು ವೈರ್‌ಲೆಸ್ಸಿಗೇ ಮೀಸಲಿಟ್ಟಿದ್ದೇನೆ. ಕೂರಿಸುವ ಕೆಲಸ ಮೆಕ್ಯಾನಿಕ್ಕಿನದು. ಆದರೆ ಬೇಕೋ ಬೇಡವೋ ಎಂದು ತೀರ್ಮಾನಿಸಿ ಬಿಲ್ಲಿಗೆ ಸಹಿ ಹಾಕುವವರು ಆಡಳಿತ ಮಂಡಳಿಯಲ್ಲಿ ಕೂತ ನೀವು. ಹಾಗಾಗಿ ಇದು ನಿಮಗೆ ಗೊತ್ತಿರಬೇಕು.

1. ಫೋನಿಗೂ ವೈರ್‌ಲೆಸ್ಸಿಗೂ ಏನು ವ್ಯತ್ಯಾಸ?

ನಿಮ್ಮ ಫೋನಿನ ಮಾತು ಮೊದಲು ಟವರಿಗೆ ಹೋಗಿ, ಅಲ್ಲಿಂದ ಇನ್ನೊಬ್ಬರಿಗೆ ತಲುಪುತ್ತದೆ. ಟವರ್ ಕಾಣದಿದ್ದರೆ ಮಾತು ನಿಂತಿತು. ವೈರ್‌ಲೆಸ್ಸಿಗೆ ಕಂಪನಿಯ ಟವರ್ ಬೇಡ. ಒಂದು ಸೆಟ್ಟಿನಿಂದ ಇನ್ನೊಂದು ಸೆಟ್ಟಿಗೆ ಮಾತು ನೇರವಾಗಿ ಹೋಗುತ್ತದೆ. ಒಬ್ಬರು ಮಾತಾಡಿದರೆ ಆ ಚಾನೆಲ್ಲಿನಲ್ಲಿರುವ ಎಲ್ಲರಿಗೂ ಕೇಳುತ್ತದೆ. ಕರೆಗೆ ದುಡ್ಡು ಬೀಳುವುದಿಲ್ಲ.

ಆದರೆ ಒಂದು ಮಿತಿ ಇದೆ. ಗಾಡಿಗಳಲ್ಲಿ ಸಾಮಾನ್ಯವಾಗಿ ಬಳಸುವ ವಿಎಚ್‌ಎಫ್ ಅಲೆಗಳು ಹೆಚ್ಚು ಕಡಿಮೆ ನಮ್ಮ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಗುಡ್ಡದ ಈ ಕಡೆ ಹಚ್ಚಿಟ್ಟ ಕಂದೀಲು ಆ ಕಡೆಯವರಿಗೆ ಕಾಣದು. ವೈರ್‌ಲೆಸ್ ಮಾತಿನ ಕಥೆಯೂ ಬಹುಮಟ್ಟಿಗೆ ಅಷ್ಟೇ. ಬಯಲು ಸೀಮೆಯಲ್ಲೂ ನೆಲ ಬಾಗಿರುವುದರಿಂದ ಅಲೆಗೆ ಒಂದು ಕೊನೆ ಇದೆ.

ಅದಕ್ಕೊಂದು ಸುಲಭ ಲೆಕ್ಕ: ಆಂಟೆನಾ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲವನ್ನು 4ರಿಂದ ಗುಣಿಸಿದರೆ ಸುಮಾರು ಎಷ್ಟು ಕಿ.ಮೀ. ದೂರ ಹೋಗಬಹುದು ಎಂದು ತಿಳಿಯುತ್ತದೆ. ಕಚೇರಿಯ ಮೇಲೆ 16 ಮೀಟರ್ ಎತ್ತರದ ಕಂಬವಿದ್ದರೆ 16 ಕಿ.ಮೀ. ಗಾಡಿಯ ಮೇಲಿನ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 6 ಕಿ.ಮೀ. ಎರಡೂ ಕೂಡಿ 22 ಕಿ.ಮೀ. ಇದು ಅಡ್ಡಿಯಿಲ್ಲದ ಬಯಲಿನ ಲೆಕ್ಕ. ಗುಡ್ಡ, ದಟ್ಟ ಮರ, ಊರಿನ ಕಟ್ಟಡಗಳಿದ್ದರೆ ಇನ್ನೂ ಕಡಿಮೆ.

ಈಗ ನಮ್ಮ ನೆಲ ನೋಡಿ. ಗದಗ-ಬೆಟಗೇರಿಯಿಂದ ಮುಂಡರಗಿಗೂ ಲಕ್ಷ್ಮೇಶ್ವರಕ್ಕೂ ಸುಮಾರು 40 ಕಿ.ಮೀ. ರಸ್ತೆ. ಜೊತೆಗೆ ನಡುವೆ ಕಪ್ಪತಗುಡ್ಡದ ಸಾಲು. ಅಂದರೆ ಗದಗದಲ್ಲಿ ಒಂದು ಸೆಟ್ ಇಟ್ಟು ಇಡೀ ಸೀಮೆಗೆ ಮಾತಾಡುತ್ತೇವೆ ಎಂದರೆ ಆಗದ ಮಾತು. ದಾರಿ ಎರಡೇ. ಒಂದು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದಲ್ಲಿ ಬೇರೆ ಬೇರೆ ಕೇಂದ್ರ ಸೆಟ್ ಇಡುವುದು. ಇನ್ನೊಂದು, ಎತ್ತರದ ಜಾಗದಲ್ಲಿ ರಿಪೀಟರ್ ಇಡುವುದು. ರಿಪೀಟರ್ ಎಂದರೆ ಒಂದು ಕಡೆಯ ಮಾತು ಕೇಳಿಸಿಕೊಂಡು, ಅದೇ ಕ್ಷಣ ಇನ್ನೊಂದು ಕಡೆಗೆ ಜೋರಾಗಿ ದಾಟಿಸುವ ಯಂತ್ರ. ಗುಡ್ಡದ ತುದಿ ಅದಕ್ಕೆ ಒಳ್ಳೆಯ ಜಾಗವೇ ಹೌದು. ಆದರೆ ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗಿದೆ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಅಲ್ಲಿ ಕಂಬ ನೆಡುವ ಮಾತು ಎತ್ತುವಂತಿಲ್ಲ.

2. ಮೊದಲು ಲೈಸೆನ್ಸ್, ಆಮೇಲೆ ಸೆಟ್

ಬಜಾರಿನಲ್ಲಿ, ಆನ್‌ಲೈನಿನಲ್ಲಿ ಅಗ್ಗದ ವಾಕಿ-ಟಾಕಿ ಸಿಗುತ್ತವೆ. ತಂದು ಮಾತಾಡಲು ಶುರು ಮಾಡುವಂತಿಲ್ಲ. ಅಲೆಗಳು ಸರ್ಕಾರದ ಸ್ವತ್ತು. ಕೇಂದ್ರ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗ ಯಾರಿಗೆ ಯಾವ ಚಾನೆಲ್ ಎಂದು ಹಂಚಿಕೊಡುತ್ತದೆ. ಪೊಲೀಸರಂಥವರ ಚಾನೆಲ್ಲಿನಲ್ಲಿ ನಾವು ಅಡ್ಡ ಮಾತಾಡಿದರೆ ಇನ್ನೊಬ್ಬರ ಜೀವಕ್ಕೆ ಕುತ್ತು ಬರಬಹುದು. ಲೈಸೆನ್ಸ್ ಇಲ್ಲದ ಸೆಟ್ ಜಪ್ತಿಯಾಗುತ್ತದೆ, ಕೇಸೂ ಬೀಳಬಹುದು.

ಲೈಸೆನ್ಸ್ ಬೇಡದ ಸಣ್ಣ ಪಟ್ಟಿಗಳೂ ಇವೆ. 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಕೈ ಸೆಟ್‌ಗಳು ಒಂದು. 27 ಮೆಗಾಹರ್ಟ್ಸ್ ಆಸುಪಾಸಿನ ಸಿಟಿಜನ್ ಬ್ಯಾಂಡ್ ಇನ್ನೊಂದು. ಕೈ ಸೆಟ್‌ಗಳು ಹೊಲದಿಂದ ಮನೆಗೆ, ಮನೆಯಿಂದ ಡೇರಿಗೆ ಸಾಕಾಗಬಹುದು. ತಾಲೂಕು ದಾಟುವುದಿಲ್ಲ.

ಇನ್ನೊಂದು ಮಾತು: ಒಂದೇ ಹಳ್ಳಿಯ ಸಂಘ ಈ ಕೆಲಸಕ್ಕೆ ಕೈ ಹಾಕಬೇಡಿ. ಅರ್ಜಿ, ಶುಲ್ಕ, ಕಂಬ, ದುರಸ್ತಿ ಎಲ್ಲ ಸೇರಿ ಒಬ್ಬರ ಹೆಗಲಿಗೆ ಭಾರ. ಹತ್ತಾರು ಸಂಘಗಳು ಠರಾವು ಮಾಡಿ ಒಕ್ಕೂಟದ ಮುಂದೆ ಒಟ್ಟಾಗಿ ಇಡುವುದೇ ಸರಿ.

3. ಕೂರಿಸುವಾಗ ನೋಡಬೇಕಾದ್ದು

ಕರೆಂಟ್: 25 ವಾಟ್‌ನ ಸೆಟ್ ಮಾತಾಡುವಾಗ ಸುಮಾರು 5ರಿಂದ 6 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಬಾರದು. ಬ್ಯಾಟರಿಯಿಂದಲೇ ದಪ್ಪ ವೈರ್ ಎಳೆಯಬೇಕು. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ವೈರ್ ತಗಡಿನ ತೂತಿನಲ್ಲಿ ತೂರುವ ಕಡೆ ರಬ್ಬರ್ ಬಳೆ ಹಾಕಿರಬೇಕು. ಇಲ್ಲವಾದರೆ ತಗಡು ಉಜ್ಜಿ ಉಜ್ಜಿ ವೈರ್ ಬಿಚ್ಚಿಕೊಂಡು ಬೆಂಕಿ ಹತ್ತಬಹುದು. ಜೀಪು, ಪಿಕಪ್‌ಗಳಲ್ಲಿ 12 ವೋಲ್ಟ್ ಇರುತ್ತದೆ. ದೊಡ್ಡ ಟ್ಯಾಂಕರಿನಲ್ಲಿ 24 ವೋಲ್ಟ್ ಇದ್ದರೆ ನಡುವೆ ಕನ್ವರ್ಟರ್ ಬೇಕು. ನೇರ ಜೋಡಿಸಿದರೆ ಸೆಟ್ ಸುಡುತ್ತದೆ.

ಆಂಟೆನಾ: ಸೆಟ್ಟಿಗಿಂತ ಆಂಟೆನಾ ಮುಖ್ಯ. 150 ಮೆಗಾಹರ್ಟ್ಸ್ ಸುತ್ತಿನ ಚಾನೆಲ್ಲಿಗೆ ಕಡ್ಡಿ ಸುಮಾರು 50 ಸೆಂ.ಮೀ. ಉದ್ದ ಬೇಕು, ಒಂದು ಮೊಳಕ್ಕಿಂತ ತುಸು ಹೆಚ್ಚು. ಅದು ತಗಡಿನ ಛಾವಣಿಯ ನಟ್ಟನಡುವೆ ನೆಟ್ಟಗೆ ನಿಲ್ಲಬೇಕು. ಸುತ್ತಲಿನ ತಗಡೂ ಆಂಟೆನಾದ ಅರ್ಧ ಕೆಲಸ ಮಾಡುತ್ತದೆ. ತಾಡಪತ್ರಿ ಅಥವಾ ಫೈಬರ್ ಛಾವಣಿಯ ಮೇಲೆ ಹಾಗೇ ಇಟ್ಟರೆ ಮಾತು ದೂರ ಹೋಗದು. ಆಂಟೆನಾದ ಕೇಬಲ್ ಬಾಗಿಲ ಸಂದಿಯಲ್ಲಿ ಸಿಕ್ಕು ಚಪ್ಪಟೆಯಾಗಬಾರದು. ಆಂಟೆನಾ ಜೋಡಿಸದೆ ಮೈಕಿನ ಗುಂಡಿ ಒತ್ತಬಾರದು. ಹೊರಗೆ ಹೋಗಬೇಕಾದ ಶಕ್ತಿ ಒಳಗೇ ತಿರುಗಿ ಸೆಟ್ಟನ್ನೇ ಕೆಡಿಸಬಹುದು.

ಜಾಗ: ಡ್ರೈವರನ ಕೈಗೆ ಸಿಗಬೇಕು, ಕಣ್ಣಿಗೆ ಅಡ್ಡ ಬರಬಾರದು. ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ಅದು ಬಿಚ್ಚಿಕೊಳ್ಳುವ ದಾರಿಯಲ್ಲಿ ಇಡಬಾರದು. ಸೆಟ್ ಬಿಸಿಯಾಗುವುದರಿಂದ ಗಾಳಿ ಆಡಬೇಕು. ವೈದ್ಯರ ಗಾಡಿಯಲ್ಲಿ ವೀರ್ಯದ ಕಡ್ಡಿ ಇಡುವ ಸಾರಜನಕದ ಜಾಡಿ ಇರುತ್ತದೆ, ಅದರೊಳಗೆ ಮೈನಸ್ 196 ಡಿಗ್ರಿ ಚಳಿ. ವೈರ್‌ಗಳು ಅದರ ಬಾಯಿಯ ಹತ್ತಿರ ಹಾಯಬಾರದು. ಜಾಡಿ ಉರುಳಿದರೂ ಸೆಟ್ಟಿಗೆ ತಗಲದಷ್ಟು ದೂರವಿರಬೇಕು.

ಹೊಂದಿಕೆ: ಎಲ್ಲ ಸೆಟ್‌ಗಳಲ್ಲೂ ಚಾನೆಲ್, ಟೋನ್ ಎರಡೂ ಒಂದೇ ಇರಬೇಕು. ಟೋನ್ ತಪ್ಪಿದರೆ ಚಾನೆಲ್ ಸರಿಯಿದ್ದರೂ ಮಾತು ಕೇಳಿಸದು. "ಟೈಮ್ ಔಟ್" ಎಂಬ ಹೊಂದಿಕೆಯನ್ನು 60 ಸೆಕೆಂಡಿಗೆ ಇಡಿಸಿ. ಮೈಕ್ ಸೀಟಿನ ಸಂದಿಗೆ ಬಿದ್ದು ಗುಂಡಿ ಒತ್ತಿಕೊಂಡರೆ ಉಳಿದವರ ಮಾತೆಲ್ಲ ಬಂದ್ ಆಗುತ್ತದೆ. ಈ ಹೊಂದಿಕೆ ಇದ್ದರೆ ಒಂದು ನಿಮಿಷದಲ್ಲಿ ತಾನೇ ನಿಲ್ಲುತ್ತದೆ.

4. ಬಿಲ್ಲಿಗೆ ಸಹಿ ಹಾಕುವ ಮೊದಲು

• ಎಸ್‌ಡಬ್ಲ್ಯುಆರ್ ಮೀಟರ್ ಹಚ್ಚಿ ತೋರಿಸಲು ಹೇಳಿ. ಮುಳ್ಳು 1.5ರೊಳಗೆ ಇದ್ದರೆ ಚಲೋ. 2 ದಾಟಿದರೆ ಆಂಟೆನಾ ಅಥವಾ ಕೇಬಲ್ಲಿನಲ್ಲಿ ದೋಷವಿದೆ. 3 ಬಂದರೆ ಮಾತಾಡುವುದನ್ನೇ ನಿಲ್ಲಿಸಬೇಕು.
• ಇಂಜಿನ್ ಬಂದ್ ಮಾಡಿ ಒಮ್ಮೆ, ಚಾಲೂ ಮಾಡಿ ಒಮ್ಮೆ ಕೇಳಿ. ಇಂಜಿನ್ ಜೋರಾದಂತೆ "ಕುಂಯ್" ಎನ್ನುವ ಸದ್ದೂ ಏರಿದರೆ ವೈರ್ ಎಳೆದ ದಾರಿ ಸರಿಯಿಲ್ಲ.
• ಗಾಡಿಯನ್ನು ರೂಟಿನ ಪ್ರತಿ ಊರಿಗೂ ಒಯ್ದು ಡೇರಿ ಮುಂದೆ ನಿಲ್ಲಿಸಿ ಮಾತಾಡಿಸಿ. "ಸ್ಪಷ್ಟ", "ಮಬ್ಬು", "ಕೇಳಿಸದು" ಎಂದು ಊರಿನ ಹೆಸರಿನ ಮುಂದೆ ಬರೆದುಕೊಳ್ಳಿ. ಅಂಗಡಿ ಮುಂದೆ ನಿಂತು ಮಾಡುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ನಿಮಗೆ ಬೇಕಾದದ್ದು ಗುಡ್ಡದ ಹಿಂದಿನ ಊರು.

5. ಮಾತಾಡುವ ರೀತಿ

ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು. ಇಲ್ಲಿ ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಗುಂಡಿ ಒತ್ತಿ, ಒಂದು ಕ್ಷಣ ತಡೆದು, ಬಾಯಿಂದ ನಾಲ್ಕು ಬೆರಳು ದೂರ ಮೈಕ್ ಹಿಡಿದು ಮಾತಾಡಿ. ಮುಗಿಸಿ "ಓವರ್" ಎನ್ನಿ, ಗುಂಡಿ ಬಿಡಿ. ಕೂಗಬೇಡಿ, ಕೂಗಿದರೆ ಮಾತು ಒಡೆಯುತ್ತದೆ. ಸಂಘದಿಂದ ಕೇಂದ್ರಕ್ಕೆ, ಕೇಂದ್ರದಿಂದ ಗಾಡಿಗೆ ಸುದ್ದಿ ಹೀಗೆ ಸಾಗಬೇಕು:

"ಮುಂಡರಗಿ ಕೇಂದ್ರದಿಂದ ಎರಡನೇ ಗಾಡಿಗೆ. ಓವರ್."
"ಎರಡನೇ ಗಾಡಿ. ಹೇಳ್ರಿ. ಓವರ್."
"ಡಂಬಳ. ಮಹಿಳಾ ಸಂಘದ ಹಿಂದಿನ ಓಣಿ. ಎಚ್‌ಎಫ್ ಆಕಳು, ನಿನ್ನೆ ಈದೈತಿ. ಬೆಳಿಗ್ಗೆ 6ರಿಂದ ಎದ್ದಿಲ್ಲ. ಕಿವಿ ತಣ್ಣಗದಾವ. ಓವರ್."
"ಡಂಬಳ, ನಿನ್ನೆ ಈದ ಆಕಳು, 6ರಿಂದ ಎದ್ದಿಲ್ಲ, ಕಿವಿ ತಣ್ಣಗ. ಕ್ಯಾಲ್ಸಿಯಂ ಗಾಡ್ಯಾಗ ಐತಿ. ಹೊಂಟೀವಿ. ಓವರ್."

ಕೇಳಿಸಿಕೊಂಡವರು ಸುದ್ದಿಯನ್ನು ತಿರುಗಿ ಹೇಳಿದ್ದನ್ನು ಗಮನಿಸಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಕೊನೆಯ ಮಾತನ್ನೂ ಗಮನಿಸಿ. "ಆಕಳಿಗೆ ಆರಾಮಿಲ್ಲ, ಜಲ್ದಿ ಬರ್ರಿ" ಎಂದಷ್ಟೇ ಬಂದರೆ ಯಾವ ಔಷಧ ಬೇಕೆಂದು ವೈದ್ಯರಿಗೆ ತಿಳಿಯದು. "ಮಳೆ ಕಾಣದೆ ಬಾಡಿದ ಎಳೆ ಜೋಳ ತಿಂದೈತಿ, ನಡಗಾಕತ್ತೈತಿ" ಎಂದರೆ ವಿಷ ಇಳಿಸುವ ಸೋಡಿಯಂ ಥಯೋಸಲ್ಫೇಟ್ ಹೊರಡುವ ಮೊದಲೇ ಗಾಡಿಗೆ ಏರುತ್ತದೆ. "ಈಯಾಕತ್ತೈತಿ, ಒಂದ ಕಾಲು ಬಂದೈತಿ" ಎಂದರೆ ಕರು ಎಳೆಯುವ ಹಗ್ಗ ಸಿದ್ಧವಾಗುತ್ತದೆ. ಸುದ್ದಿ ಅರ್ಧ ಬಂದರೆ ಗಾಡಿ ಎರಡು ಸಲ ಓಡಬೇಕು. ಎರಡನೇ ಸಲ ಬರುವಷ್ಟರಲ್ಲಿ ಆಕಳು ಇರುತ್ತದೋ ಇಲ್ಲವೋ.

6. ಗಾಡಿ ಬರುವವರೆಗೆ

• ಹೊಟ್ಟೆ ಉಬ್ಬರ: ಮಲಗಲು ಬಿಡಬೇಡಿ. ಮುಂಗಾಲು ಎತ್ತರದ ಜಾಗದಲ್ಲಿರುವಂತೆ ನಿಲ್ಲಿಸಿ. ಮೇವು ಬಂದ್ ಮಾಡಿ.
• ಈದ ಮೇಲೆ ಎದ್ದೇಳದ ಆಕಳು: ಪಕ್ಕೆಯ ಮೇಲೆ ಒರಗಿ ಬೀಳದಂತೆ ಎರಡೂ ಕಡೆ ಹುಲ್ಲು ತುಂಬಿದ ಚೀಲ ಇಟ್ಟು ಎದೆಯ ಮೇಲೆ ಕೂರಿಸಿ. ಬಾಯಿಗೆ ಎಣ್ಣೆ, ನೀರು ಏನೂ ಹೊಯ್ಯಬೇಡಿ. ನುಂಗುವ ಶಕ್ತಿ ಇಲ್ಲದಾಗ ಅದು ಪುಪ್ಪುಸಕ್ಕೆ ಹೋಗುತ್ತದೆ.
• ಎಳೆ ಜೋಳದ ವಿಷ: ಉಳಿದ ದನಗಳನ್ನು ಆ ಹೊಲದಿಂದ ಕೂಡಲೇ ಹೊರಗೆ ಅಟ್ಟಿ.
• ಈಯಲು ತೊಂದರೆ: ನಾಲ್ಕೈದು ಜನ ಸೇರಿ ಎಳೆಯಬೇಡಿ. ಕರು ಹೇಗಿದೆ ಎಂದು ಒಳಗೆ ಕೈಯಾಡಿಸಿ ನೋಡದೆ ಎಳೆದರೆ ತಾಯಿಗೂ ಪೆಟ್ಟು, ಕರುವಿಗೂ ಪೆಟ್ಟು.

7. ಇವತ್ತೇ ಮಾಡಬಹುದಾದ್ದು

ಲೈಸೆನ್ಸ್, ಕಂಬ, ಸೆಟ್ ಎಲ್ಲ ಆಗುವುದಕ್ಕೆ ಕಾಲ ಬೇಕು. ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಮುಂದಿನ ಸಭೆಯಲ್ಲಿ ಈ ನಾಲ್ಕು ಕೆಲಸ ಮಾಡಿ:

ಒಂದು, ಊರಿನಲ್ಲಿ ಫೋನ್ ಹತ್ತುವ ಜಾಗ ಗುರುತಿಸಿ. ನೀರಿನ ಟಾಕಿಯ ಮೆಟ್ಟಿಲು, ಗುಡಿಯ ಕಟ್ಟೆ, ಶಾಲೆಯ ಮಾಳಿಗೆ, ಎಲ್ಲಿ ಯಾವ ಕಂಪನಿಯ ಸಿಮ್ ಹತ್ತುತ್ತದೆ ಎಂದು ಡೇರಿ ಗೋಡೆಯ ಮೇಲೆ ಬರೆಸಿ. ರಾತ್ರಿ ಹೊತ್ತು ಕತ್ತಲಲ್ಲಿ ಹುಡುಕಾಡುವುದು ತಪ್ಪುತ್ತದೆ.

ಎರಡು, ಅದರ ಕೆಳಗೆ 1962 ಎಂದು ದೊಡ್ಡದಾಗಿ ಬರೆಸಿ. ಸರ್ಕಾರದ ಸಂಚಾರಿ ಪಶು ಚಿಕಿತ್ಸಾ ವಾಹನಗಳು 2022ರಿಂದ ರಾಜ್ಯದಲ್ಲಿ ಓಡಾಡುತ್ತಿವೆ. ಅವುಗಳನ್ನು ಕರೆಯುವ ಉಚಿತ ಸಂಖ್ಯೆ ಇದು. ನಿಮ್ಮ ಭಾಗದ ಪಶುವೈದ್ಯರ ನಂಬರನ್ನೂ ಪಕ್ಕದಲ್ಲೇ ಬರೆಸಿ.

ಮೂರು, ಸುದ್ದಿ ಚೀಟಿ ಮಾಡಿಡಿ. ಅದರಲ್ಲಿ ಆರೇ ಸಾಲು: ಊರು ಮತ್ತು ಓಣಿ, ಯಾರ ಮನೆ, ಆಕಳೋ ಎಮ್ಮೆಯೋ, ಗಬ್ಬ ಇದೆಯೋ ಈದಿದೆಯೋ, ಏನಾಗಿದೆ, ಎಷ್ಟು ತಾಸಾಯಿತು. ಬರೆಯಲು ಬಾರದ ಅಕ್ಕಂದಿರಿಗೆ ಈ ಆರನ್ನು ಬಾಯಿಪಾಠ ಮಾಡಿಸಿ.

ನಾಲ್ಕು, ಹಾಲಿನ ಗಾಡಿ ದಿನಕ್ಕೆ ಎರಡು ಸಲ ನಿಮ್ಮೂರಿಗೆ ಬರುತ್ತಿದ್ದರೆ ಅದೇ ನಿಮ್ಮ ಅಂಚೆ. ಫೋನ್ ಹತ್ತದಾಗ ಡ್ರೈವರನ ಕೈಗೆ ಚೀಟಿ ಕೊಡಿ. ಸಿಗ್ನಲ್ ಸಿಕ್ಕ ಮೊದಲ ಊರಿನಿಂದ ಅವನು ಕರೆ ಮಾಡಬೇಕು ಎಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ನಾಳೆ ಗಾಡಿಯಲ್ಲಿ ವೈರ್‌ಲೆಸ್ ಬಂದಾಗಲೂ ಅದರಲ್ಲಿ ಹೋಗಬೇಕಾದ ಮಾತು ಇದೇ ಆರು ಸಾಲು. ಆದ್ದರಿಂದ ಚೀಟಿಯಿಂದಲೇ ಶುರು ಮಾಡಿ. ನಿಮ್ಮ ಊರಿನಲ್ಲಿ ಫೋನ್ ಎಲ್ಲೆಲ್ಲಿ ಹತ್ತುವುದಿಲ್ಲ ಎಂಬ ಪಟ್ಟಿಯನ್ನು ಸಂಘದ ಕಾರ್ಯದರ್ಶಿಯ ಮೂಲಕ ಒಕ್ಕೂಟದ ಪಶುವೈದ್ಯ ವಿಭಾಗಕ್ಕೆ ಕಳಿಸಿ. ಎಲ್ಲಿ ಕಂಬ ಬೇಕು, ಎಲ್ಲಿ ಬೇಡ ಎಂದು ತೀರ್ಮಾನಿಸಲು ಮೊದಲು ಬೇಕಾದ ಕಾಗದ ಅದೇ.

— ಪಶುವೈದ್ಯಾಧಿಕಾರಿ